ನಾವು ಹೆಸರು ಕೇಳದವರು



ಫಜ್ರ್ ನಮಾಝ್ ಮುಗಿಸಿ ನಾವು ದೀಪಾಂಜಲಿ ನಗರದ ಬೀದಿಗೆ ಕಾಲಿಡುವ ಹೊತ್ತಿಗೆ ಪೌರಕಾರ್ಮಿಕ ಮಹಿಳೆಯರು ಪೊರಕೆ ಹಿಡಿದು ಬಂದಿರುತ್ತಾರೆ. ಶುಚಿತ್ವವು ವಿಶ್ವಾಸದ ಭಾಗವೆಂದು ಮಿಂಬರ್‌ನಿಂದ ಕೇಳುತ್ತೇವೆ. ಆ ಶುಚಿತ್ವವನ್ನು ನಮಗೆ ಉಳಿಸಿಕೊಡುವವರ ಹೆಸರನ್ನು ಮಾತ್ರ ನಾವು ಕೇಳಿದವರಲ್ಲ.

ಇವರ ಬದುಕಿನ ಹಿಂದೆ ದೀರ್ಘ ಬವಣೆಯಿದೆ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯು ಇವರ ಸ್ಥಿತಿಗತಿಯನ್ನು ಸರಕಾರದ ಮುಂದಿಟ್ಟಿತು. ಆದರೂ ಬೆಂಗಳೂರಿನಲ್ಲಿ ಬಹುಪಾಲು ದಲಿತ ಮಹಿಳೆಯರೇ ಆಗಿರುವ ಈ ಕಾರ್ಮಿಕರು ವರ್ಷಾನುಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ದುಡಿದರು. 2020ರ ಲಾಕ್‌ಡೌನ್‌ನಲ್ಲಿ ನಾವು ಬಾಗಿಲು ಮುಚ್ಚಿ ಕುಳಿತಾಗಲೂ ಗುಡಿಸಿದರು. 2022ರ ಜುಲೈಯಲ್ಲಿ ಖಾಯಮಾತಿಗಾಗಿ ಮುಷ್ಕರ ಹೂಡಿದರು. 2025ರ ಮೇ 1ರಂದು ನಗರದ 12,692 ಮಂದಿಗೆ ಖಾಯಂ ನೇಮಕಾತಿ ಆಯಿತು.

ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡಾಗ, ಸಣ್ಣ ವಿಷಯವೆಂದೆಣಿಸಿ ಸಹಾಬಿಗಳು ಅವರಿಗೆ ತಿಳಿಸದೆಯೇ ದಫನ ಮಾಡಿದ್ದರು. ಆಕೆ ಕಾಣದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ತನಗೇಕೆ ತಿಳಿಸಲಿಲ್ಲವೆಂದು ಕೇಳಿದರು. ಗೋರಿಯ ಬಳಿಗೆ ಹೋಗಿ ಪ್ರಾರ್ಥಿಸಿದರು.

ನಮ್ಮ ಸಂಘಟನೆಗಳ ಸ್ವಯಂಸೇವಕರಿಗೆ ಶಾಲು ಹೊದಿಸುತ್ತೇವೆ, ತಪ್ಪೇನಿಲ್ಲ. ಆದರೆ ಬಕ್ರೀದ್‌ನಂದು ಕರುಳು, ಚರ್ಮಗಳನ್ನು ರಸ್ತೆಬದಿಗೆ ಎಸೆದು ಬಿರಿಯಾನಿಗೆ ಕೂರುವವರು ನಮ್ಮಲ್ಲಿಲ್ಲವೇ? ಅದನ್ನು ಎತ್ತುವ ಕೈಗಳಾದರೂ ಯಾರವು? ಮುಂದಿನ ಬಕ್ರೀದ್‌ಗೆ ಪ್ರತಿ ಮನೆಯೂ ತ್ಯಾಜ್ಯವನ್ನು ಬೇರೆ ಚೀಲದಲ್ಲಿ ಕಟ್ಟಿಡಲಿ. ಮೊಹಲ್ಲಾದ ಯುವಕರು ಗಾಡಿಯ ಬಳಿ ಅವರ ಜೊತೆಗೇ ನಿಂತು ಚೀಲ ಎತ್ತಿಕೊಡಲಿ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅಂದು ಮಸೀದಿ ಕಮಿಟಿಯವರು ಈ ಸಹೋದರಿಯರನ್ನು ಅವರ ಹೆಸರು ಹಿಡಿದೇ ಆಹ್ವಾನಿಸಬೇಕೆಂದು ವಿನಂತಿಸುತ್ತೇವೆ.