ವೈಶಾಖದ ಹಿತ್ತಲು

(ಮಹಿಳಾ ಸಂಘದ ಸಭೆಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮಾಡಿದ ಭಾಷಣ)



ಕೈತೋಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕರೆದಿದ್ದಾರೆ. ಕೈತೋಟವೆಂದ ಕೂಡಲೇ ಭಾಷಣ ಮಾಡುವವರು ಸೊಪ್ಪು, ತರಕಾರಿ, ಗೊಬ್ಬರದ ಗುಂಡಿ, ಮನೆಯ ಉಳಿತಾಯ ಎಂದು ಪ್ರಾರಂಭಿಸುವುದು ವಾಡಿಕೆ. ಅವೆಲ್ಲವೂ ಬೇಕಾದವೇ; ನಾನೂ ಆ ಮಾತಿಗೆ ಬರುತ್ತೇನೆ. ಆದರೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಹಿತ್ತಲಿನಲ್ಲಿ ಕೈಯಲ್ಲಿ ಯಾವ ಕೆಲಸವೂ ಇಲ್ಲದೆ ಸುಮ್ಮನೆ ನೀವು ಕುಳಿತದ್ದು ಯಾವಾಗ?

ನಗುತ್ತೀರಿ. ಹಿತ್ತಲಿಗೆ ನಾವು ಹೋಗುವುದು ಪಾತ್ರೆ ತೊಳೆಯಲು, ಬಟ್ಟೆ ಒಣಗಿಸಲು, ಕರಿಬೇವು ಕಿತ್ತು ತರಲು. ಹೋದವರು ಹಾಗೆಯೇ ಹಿಂದಿರುಗುತ್ತೇವೆ. ಅಲ್ಲಿ ಏನು ಅರಳಿದೆಯೆಂಬುದನ್ನು ನೋಡಲು ನಮಗೆ ಪುರಸತ್ತಿಲ್ಲ. ಯುಗಾದಿ ಕಳೆದು ತಿಂಗಳಾಯಿತು. ಹೊಲ ಬರಿದಾಗಿದೆ, ಕೆರೆಯ ಅಂಚು ಬಿರುಕು ಬಿಟ್ಟಿದೆ, ನೆಲ ಕಾದು ಬಾಣಲೆಯಾಗಿದೆ. ಇಂಥ ಕಾಲದಲ್ಲಿಯೇ ನಮ್ಮ ಹಿತ್ತಲು ವರ್ಷದಲ್ಲೆಲ್ಲ ಹೆಚ್ಚಾಗಿ ಹೂ ಬಿಡುವುದು. ಇದು ಸೋಜಿಗವಲ್ಲವೇ?

ನಮ್ಮ ಮನೆಯ ಹಿತ್ತಲನ್ನೇ ಹೇಳುತ್ತೇನೆ. ಅದೇನೂ ದೊಡ್ಡದಲ್ಲ, ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಬೇಲಿಯ ಮೂಲೆಯಲ್ಲಿ ಒಂದು ಹೊಂಗೆ. ಬೆಳಗ್ಗೆ ಬಾಗಿಲು ತೆರೆದರೆ ಅದರ ಬುಡದಲ್ಲಿ ಅರಳು ಚೆಲ್ಲಿದ ಹಾಗೆ ಹೂ ಬಿದ್ದಿರುತ್ತದೆ, ಮೇಲೆ ಜೇನುಹುಳುಗಳ ಗುಂಯ್‌ಗುಟ್ಟುವಿಕೆ. ಆ ಹೂವನ್ನು ಗುಡಿಸಿ ಒಲೆಗೆ ಹಾಕಬೇಡಿ. ಗಿಡಗಳ ಬುಡಕ್ಕೆ ಹಾಕಿರಿ, ಒಳ್ಳೆಯ ಗೊಬ್ಬರ. ಪಕ್ಕದಲ್ಲಿ ನುಗ್ಗೆ. ಬಚ್ಚಲ ಹತ್ತಿರ ಬಾಳೆ, ಕೆಸು. ಗೋಡೆಯ ಪಕ್ಕ ದಾಸವಾಳ, ನಂದಿಬಟ್ಟಲು, ಕನಕಾಂಬರ. ಚಪ್ಪರದ ಮೇಲೆ ಹೀರೆ ಮತ್ತು ಸೋರೆ. ನಡುವೆ ಎರಡು ದುಂಡುಮಲ್ಲಿಗೆಯ ಗಿಡ.

ನಮ್ಮ ಅತ್ತೆಗೆ ಈಗ 84 ವರ್ಷ. ಕಣ್ಣು ಮಂಜಾಗಿದೆ, ಗಡಿಯಾರ ಕಾಣದು. ಆದರೂ ಹೊತ್ತೆಷ್ಟೆಂದು ಹೇಳಬಲ್ಲರು. ಸಂಜೆಮಲ್ಲಿಗೆ ಬಾಯಿ ಬಿಟ್ಟರೆ ನಾಲ್ಕು ಗಂಟೆಯ ಮೇಲಾಯಿತು. ಹೀರೆಯ ಹಳದಿ ಹೂವು ಬಿಚ್ಚಿಕೊಂಡರೆ ದನ ಬರುವ ಹೊತ್ತು. ಸೋರೆಯ ಬಿಳಿ ಹೂವು ಅರಳಿದರೆ ದೀಪ ಹಚ್ಚಬೇಕು. ಮಲ್ಲಿಗೆಯ ವಾಸನೆ ಒಳಮನೆಗೆ ಬಂದರೆ ರಾತ್ರಿಯಾಯಿತು. ಕುಂಬಳದ ಹೂವು ಮಾತ್ರ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ.

ಇದು ಬರಿಯ ಚಂದದ ಮಾತಲ್ಲ. ಇದರಲ್ಲಿ ಶಾಸ್ತ್ರವೂ ಇದೆ. ಸಂಜೆ ಅರಳುವ ಹೂಗಳಲ್ಲಿ ಅನೇಕವು ಬಿಳಿಯ ಬಣ್ಣ, ಗಾಢವಾದ ಪರಿಮಳ. ಏಕೆಂದರೆ ಅವು ಕರೆಯುವುದು ಇರುಳಿನಲ್ಲಿ ಹಾರಾಡುವ ಪತಂಗಗಳನ್ನು. ಕತ್ತಲಲ್ಲಿ ಕೆಂಪು ಬಣ್ಣ ಯಾರಿಗೆ ಕಾಣಬೇಕು? ಕುಂಬಳದ ಹೂವು ಕರೆಯುವುದು ಬೆಳಗಿನ ಜೇನನ್ನು. ಸೋರೆ, ಕುಂಬಳ, ಹೀರೆಗಳಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಹೆಣ್ಣುಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಇರುತ್ತದೆ. ಗಂಡುಹೂವಿಗೆ ಬರಿಯ ತೊಟ್ಟು. ಬಳ್ಳಿಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಗಂಡುಹೂವು. ಅದು ಉದುರಿದರೆ, “ಬಳ್ಳಿ ಕೆಟ್ಟಿತು, ದೃಷ್ಟಿ ತಗುಲಿತು” ಎಂದು ಕೊರಗಬೇಕಾಗಿಲ್ಲ. ಹೆಣ್ಣುಹೂವೂ ಪೀಚಿನಲ್ಲೇ ಹಳದಿಯಾಗಿ ಉದುರುತ್ತಿದ್ದರೆ ಹುಳುಗಳ ಬರವು ಸಾಲದೆಂದು ತಿಳಿಯಿರಿ. ಆಗ ಅಂದು ಅರಳಿದ ಗಂಡುಹೂವೊಂದನ್ನು ಕಿತ್ತು, ಅದರ ದಳ ಬಿಡಿಸಿ, ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ತಾಗಿಸಿದರೆ ಕಾಯಿ ನಿಲ್ಲುತ್ತದೆ. ಹೂ ಅರಳಿರುವ ಹೊತ್ತಿನಲ್ಲಿ ವಿಷದ ಔಷಧ ಸಿಂಪಡಿಸಿದರೆ ಹುಳುವಿನ ಜೊತೆಗೆ ಜೇನೂ ಸಾಯುತ್ತದೆ. ಜೇನು ಸತ್ತ ಮೇಲೆ ಕಾಯಿಯೆಲ್ಲಿ?

ಇನ್ನು ನೀರಿನ ಮಾತು. ಇದನ್ನು ಆಡದೆ ಬೇಸಿಗೆಯ ಹೂವಿನ ಮಾತಾಡುವುದು ಸರಿಯಲ್ಲ. 2023ರಲ್ಲಿ ಮಳೆ ಕೈಕೊಟ್ಟದ್ದನ್ನು ನೀವ್ಯಾರೂ ಮರೆತಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಮುಂದಿನ ಬೇಸಿಗೆಯಲ್ಲಿ, ಎಂದರೆ 2024ರಲ್ಲಿ, ನಮ್ಮ ಬೀದಿಗೆ ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ. ಕೊಡಗಳ ಸಾಲು, ಜಗಳ, ಬೈಗುಳ ಎಲ್ಲವೂ ಆಯಿತು. ಆಗ ನಮ್ಮ ಹತ್ತಿರದ ನೆಂಟರೊಬ್ಬರು ಬಂದು ಮಲ್ಲಿಗೆಯ ಗಿಡ ನೋಡಿ, “ಕುಡಿಯೋಕೇ ನೀರಿಲ್ಲ, ಹೂವಿಗೆ ನೀರಾ? ಕಿತ್ತು ಬಿಸಾಕಿ” ಎಂದರು. ನನಗೂ ಆ ಮಾತು ಸರಿಯೆಂದೇ ತೋರಿತು. ಪಕ್ಕದ ಮನೆಯ ಮಗು ಕೊಡ ಹಿಡಿದು ನಿಂತಿರುವಾಗ ನಾನು ಹೂವಿಗೆ ನೀರು ಹಾಕುವುದು ಹೇಗೆ?

ನಮ್ಮ ಅತ್ತೆ ಜಗಲಿಯಿಂದಲೇ ಉತ್ತರ ಕೊಟ್ಟರು: “ಕುಡಿಯೋ ನೀರು ಒಂದು ಚೊಂಬೂ ಗಿಡಕ್ಕೆ ಬೇಡಪ್ಪ. ನಾನು ಮೈ ತೊಳೆದ ನೀರು ನಂದು. ಅದನ್ನ ಚರಂಡಿಗೆ ಕೊಡಬೇಕೋ ಮಲ್ಲಿಗೆಗೆ ಕೊಡಬೇಕೋ ನಾನು ಹೇಳ್ತೀನಿ.”

ಆ ದಿನ ನಾವು ಲೆಕ್ಕ ಹಾಕಿದೆವು. ಮನೆಯಲ್ಲಿ ಐದು ಜನ. ಬರದಲ್ಲೂ ಒಬ್ಬೊಬ್ಬರಿಗೆ ಸ್ನಾನಕ್ಕೆ ಒಂದು ಬಕೆಟ್ಟು. ಬಕೆಟ್ಟಿಗೆ ಹದಿನೈದು ಲೀಟರ್ ಎಂದರೂ ದಿನಕ್ಕೆ 75 ಲೀಟರ್ ನೀರು ಚರಂಡಿಗೆ ಹೋಗಿ ಸೊಳ್ಳೆಯನ್ನು ಸಾಕುತ್ತಿತ್ತು. ಬಚ್ಚಲ ತೂಬಿನ ಮುಂದೆ ಎರಡಡಿ ಆಳದ ಗುಂಡಿ ತೋಡಿ, ಅಡಿಯಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಇದ್ದಿಲು, ಮೇಲೆ ಮರಳು ಹಾಕಿದೆವು. ಹೆಚ್ಚಿದ ನೀರು ಸಣ್ಣ ಕಾಲುವೆಯಲ್ಲಿ ಬಾಳೆ, ಕೆಸುವಿಗೆ ಹೋಗಿ ಅಲ್ಲಿಂದ ಮಲ್ಲಿಗೆಯ ಪಾತಿಗೆ ಹರಿಯುವಂತೆ ಮಾಡಿದೆವು. ಬಟ್ಟೆ ಒಗೆದ ಸೋಡಾ ನೀರನ್ನು ಮಾತ್ರ ಬೇರೆ ಕಡೆ ತಿರುಗಿಸಿದೆವು. ಅದು ಬೇರಿಗೆ ಒಳ್ಳೆಯದಲ್ಲ.

ಪಾತಿಯಲ್ಲಿ ತರಗೆಲೆಯನ್ನು ಮೂರು ಬೆರಳು ದಪ್ಪ ಹರಡಿದೆವು. ಮಣ್ಣಿಗೆ ನೇರ ಬಿಸಿಲು ಬೀಳದಿದ್ದರೆ ತೇವ ಬೇಗ ಆರದು. ಕನಕಾಂಬರದ ನಡುವೆ ಕುಂಬಾರನ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಮುಚ್ಚಳ ಮುಚ್ಚಿದೆವು. ಬಣ್ಣ ಬಳಿಯದ ಮಡಕೆಯಾದರೆ ನೀರು ಅದರ ಮೈಯಿಂದ ಸ್ವಲ್ಪಸ್ವಲ್ಪವೇ ಜಿನುಗಿ ಬೇರಿಗೆ ಸೇರುತ್ತದೆ, ಬಿಸಿಲಿಗೆ ಆರಿಹೋಗುವುದಿಲ್ಲ. ಆ ವರ್ಷ ಕುಡಿಯುವ ನೀರು ಒಂದು ಚೊಂಬೂ ಗಿಡಕ್ಕೆ ಹೋಗಲಿಲ್ಲ. ಭರಣಿ ಬಂದರೆ ಧರಣಿ ಬದುಕೀತು ಎನ್ನುತ್ತಾರೆ. ನಮ್ಮ ಮಲ್ಲಿಗೆ ಭರಣಿಗೂ ಕಾಯದೆ ಮೊಗ್ಗು ಬಿಟ್ಟಿತು.

ಮಲ್ಲಿಗೆ ಹೂ ಬಿಡದು ಎಂದು ದೂರುವವರಿಗೆ ಒಂದು ಮಾತು. ಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ರೆಂಬೆಯನ್ನೇ ಬೆಳೆಯಲು ಬಿಟ್ಟರೆ ಎಲೆಯ ಪೊದೆಯಾಗುತ್ತದೆಯೇ ಹೊರತು ಹೂವಾಗದು. ಕಾರ್ತಿಕ ಮುಗಿದ ಮೇಲೆ, ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ, ಕೆಲವು ದಿನ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಗಿಡವನ್ನು ಕತ್ತರಿಸಬೇಕು. ಒಣಗಿದ, ರೋಗ ಹಿಡಿದ ಕಡ್ಡಿಗಳನ್ನು ತೆಗೆಯಬೇಕು. ಪಾತಿ ಕೆದಕಿ ಎರಡು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟರೆ ಶಿವರಾತ್ರಿಯ ಹೊತ್ತಿಗೆ ಚಿಗುರು, ಯುಗಾದಿಯ ಆಚೀಚೆ ಮೊಗ್ಗು. ಮೊಗ್ಗು ಕೊರೆಯುವ ಹುಳು ಬಿದ್ದರೆ ಕೆಟ್ಟ ಮೊಗ್ಗನ್ನು ಆರಿಸಿ ಸುಡಿರಿ, ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸಿರಿ. ದೇವರಿಗೆ ಏರಿಸುವ, ಮಕ್ಕಳು ಮೂಗಿಗೆ ಹಿಡಿಯುವ ಹೂವಿಗೆ ಘೋರ ವಿಷ ಬೇಡ. ಹೊಸ ಗಿಡ ಬೇಕಾದವರು ಮಳೆಗಾಲದಲ್ಲಿ ಒಂದು ರೆಂಬೆಯನ್ನು ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿ ಮೇಲೊಂದು ಕಲ್ಲಿಡಿ. ಬೇರು ಬಿಟ್ಟ ಮೇಲೆ ಕತ್ತರಿಸಿ ನೆಡಬಹುದು. ಕಾಸು ಖರ್ಚಿಲ್ಲ.

ನಮ್ಮ ನಾಡಿನ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಉಡುಪಿಯ ಕಡೆ ಹಿತ್ತಲಿನ ಮಲ್ಲಿಗೆಯಿಂದಲೇ ಸಂಸಾರ ನಡೆಸುವ ಹೆಂಗಸರಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವರು ಸುಳ್ಳು ಮಾಡಿದ್ದಾರೆ.

ಆದರೆ ನಾನು ಹೇಳಬೇಕೆಂದು ಬಂದದ್ದು ಹಣದ ಮಾತಲ್ಲ. ಇವತ್ತು ನನ್ನ ತಲೆಯಲ್ಲಿ ಹೂ ನೋಡಿ ಇಬ್ಬರು ಮೂವರು ಮುಖಮುಖ ನೋಡಿಕೊಂಡಿರಿ. ನನಗೆ ಬೇಸರವಿಲ್ಲ. ಕಾರಣವನ್ನು ನಾನೇ ಹೇಳುತ್ತೇನೆ.

ನಮ್ಮ ಮಾವನವರು ತೀರಿಕೊಂಡು ಬಹಳ ವರ್ಷಗಳಾದವು. ಅಂದಿನಿಂದ ಅತ್ತೆ ಹೂ ಮುಡಿಯಲಿಲ್ಲ. ಆದರೆ ಒಂದು ದಿನವೂ ಗಿಡಕ್ಕೆ ನೀರು ತಪ್ಪಿಸಲಿಲ್ಲ. ಮೊಗ್ಗು ಬಿಡಿಸುವುದು, ಬಾಳೆನಾರು ನೆನೆಸುವುದು, ಮಾಲೆ ಕಟ್ಟುವುದು, ಬೀದಿಯ ಹೆಣ್ಣುಮಕ್ಕಳಿಗೆಲ್ಲ ಕೊಡುವುದು. ಒಮ್ಮೆ ನನ್ನ ಮೊಮ್ಮಗಳು, “ಮುತ್ತಜ್ಜಿ, ನೀನ್ಯಾಕೆ ಮುಡಿಯಲ್ಲ?” ಎಂದು ಕೇಳಿತು. “ನಂದು ಗಿಡದಲ್ಲೇ ಐತೆ ಮಗ” ಎಂದರು. ಆ ಮಾತು ನಾನು ಕೇಳಿಸಿಕೊಂಡೆ. ಆದರೆ ಅದರ ಭಾರ ಆಗ ತಿಳಿಯಲಿಲ್ಲ.

2021ರಲ್ಲಿ ನಮ್ಮ ಯಜಮಾನರು ಹೋದರು. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಆದರೂ ಯಾರೂ ಹೇಳುವ ಮುಂಚೆಯೇ ನಾನಾಗಿ ಹೂ ಬಿಟ್ಟೆ. ಹಿತ್ತಲಿಗೆ ಹೋಗುವುದನ್ನೂ ಬಿಟ್ಟೆ. ಆ ಪರಿಮಳ ಬಂದರೆ ಕಿಟಕಿ ಮುಚ್ಚುತ್ತಿದ್ದೆ. 2024ರ ಬರದ ವೈಶಾಖದಲ್ಲಿ, ಬಚ್ಚಲ ನೀರಿನಲ್ಲಿ ಬದುಕಿದ ಆ ಗಿಡದ ಮೊದಲ ಮೊಗ್ಗುಗಳನ್ನು ಅತ್ತೆ ಕೈಯಿಂದ ತಡವಿ ತಡವಿ ಬಿಡಿಸಿ ಒಂದು ಗೇಣು ಕಟ್ಟಿದರು. ನನ್ನನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ಮಾತಿಲ್ಲದೆ ನನ್ನ ತುರುಬಿಗೆ ಸಿಕ್ಕಿಸಿದರು. ನಾನು ಕೈ ಹಿಡಿದುಕೊಂಡೆ. ಅವರು, “ನಂಗೆ ಹೇಳೋರು ಯಾರೂ ಇರಲಿಲ್ಲ ಕಣಮ್ಮ. ನಿಂಗೆ ನಾನಿದ್ದೀನಿ” ಎಂದರು.

ಅವತ್ತು ನಾನೂ ಒಂದೆಳೆ ಕಟ್ಟಿ ಅವರಿಗೆ ಮುಡಿಸಿದೆ. ಬೇಡವೆನ್ನಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಅಲ್ಲಿಯೇ ಕುಳಿತಿದ್ದೆವು. ಸೋರೆಯ ಹೂವಿಗೆ ಪತಂಗ ಬಂದು ಹೋಗುತ್ತಿತ್ತು. ಬೇರೆ ಏನೂ ಮಾಡಲಿಲ್ಲ. ಮೂರು ವರ್ಷದಲ್ಲಿ ನನಗೆ ನೆಮ್ಮದಿಯಾದ ಮೊದಲ ಸಂಜೆ ಅದು.

ಅಕ್ಕತಂಗಿಯರೇ, ಹೂವು ಹುಟ್ಟಿದಂದಿನಿಂದ ಹೆಣ್ಣಿಗೆ ಬಂದದ್ದು, ಮದುವೆಯಿಂದ ಬಂದದ್ದಲ್ಲ. ಹೀಗಿರುವಾಗ ಗಂಡ ಹೋದೊಡನೆ ಅದೂ ಹೋಗಬೇಕೆಂಬುದು ಯಾವ ನ್ಯಾಯ? ಮುಡಿಯಲೇಬೇಕೆಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಮುಡಿಯಬೇಕೆನ್ನುವವಳನ್ನು ತಡೆಯಬೇಡಿ ಎಂದಷ್ಟೇ ಬೇಡಿಕೊಳ್ಳುತ್ತೇನೆ. ಅರಿಸಿನ ಕುಂಕುಮಕ್ಕೆ ಕರೆದಾಗ ಮೂಲೆಯಲ್ಲಿ ನಿಂತವಳಿಗೂ ಒಂದು ಗೇಣು ಹೂ ಕೊಟ್ಟು ನೋಡಿ.

ಕೊನೆಯದಾಗಿ ಮೂರು ಕೆಲಸಗಳನ್ನು ಒಪ್ಪಿಸಿ ಮುಗಿಸುತ್ತೇನೆ. ಮನೆ ಕಟ್ಟುವವರು ಹಿತ್ತಲಿಗೆಲ್ಲ ಸಿಮೆಂಟು ಬಳಿಯಬೇಡಿ. ಅದು ಹಗಲೆಲ್ಲ ಕಾದು ರಾತ್ರಿಯೂ ಸೆಕೆ ಕೊಡುತ್ತದೆ, ಬಿದ್ದ ಮಳೆಯನ್ನೂ ಹೊರಕ್ಕೆ ಓಡಿಸುತ್ತದೆ. ನಾಲ್ಕು ಪಾತಿಯಷ್ಟಾದರೂ ಮಣ್ಣು ಉಳಿಸಿರಿ. ಎರಡನೆಯದಾಗಿ, ಬಚ್ಚಲ ನೀರು ಚರಂಡಿಗೆ ಹೋಗದಂತೆ ಈ ವಾರವೇ ಗುಂಡಿ ತೋಡಿರಿ. ಈ ಕೆಲಸ ಹಿಂದಿನ ಸಾಲಿನ ಅಣ್ಣತಮ್ಮಂದಿರದು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಹಿತ್ತಲಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಮನೆಯ ಹಿರಿಯರನ್ನೂ ಕೈ ಹಿಡಿದು ಕರೆತನ್ನಿ. ಹೀರೆಯ ಹೂವು ಬಿಚ್ಚುವುದನ್ನು ನೋಡಿ.

ಮಳೆ ಬಿದ್ದ ಮೇಲೆ ಮಲ್ಲಿಗೆಯ ರೆಂಬೆ ಬೇಕಾದವರು ನಮ್ಮ ಮನೆಗೆ ಬನ್ನಿ. ಅತ್ತೆ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅವರನ್ನು ಕೇಳಿ ತೆಗೆದುಕೊಂಡು ಹೋಗಿ.