ಸಾದಾ ಮರಿಯ ಬೆಲೆ



ಸಾಕುಮೊಲಗಳ ಮಿಶ್ರತಳಿಯ ಬಗ್ಗೆ ಒಂದು ದಿನ ಕೂತು ಮಾತಾಡುವಷ್ಟು ಏನಿದೆ ಎಂದು ಈ ಸಭೆಗೆ ಬರುವಾಗ ಹಲವರು ಕೇಳಿದರು. ಅವರಿಗೆ ನಾನು ಹೇಳಿದ್ದು ನಮ್ಮ ರೈಲಿನ ಮಾತು. ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ, ಅಂದರೆ 2001ರ ಫೆಬ್ರವರಿ 28ರ ನಂತರ, ಈ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಬರುವವರಿಂದ. ಹಾಗೆ ಹೋದ ತಂದೆಯೊಬ್ಬ ಸಂಜೆ ಮಕ್ಕಳಿಗೆಂದು ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಜೋಡಿ ಮೊಲದ ಮರಿ ತರುತ್ತಾನೆ. ಜೋಡಿ ಎಂದರೆ ಬಹುಪಾಲು ಒಂದೇ ತಾಯಿಯ, ಒಂದೇ ಸೂಲಿನ ಅಣ್ಣ ತಂಗಿ. ನಾಲ್ಕೈದು ತಿಂಗಳಲ್ಲಿ ಅವು ಪ್ರಾಯಕ್ಕೆ ಬರುತ್ತವೆ. ಕೂಡಿದ 31 ದಿನಕ್ಕೆ ಮರಿ. ಮರಿ ಹಾಕಿದ ದಿನವೇ ತಾಯಿ ಮತ್ತೆ ಗಬ್ಬವಾಗಬಲ್ಲಳು. ವರ್ಷ ತಿರುಗುವುದರೊಳಗೆ ಗಣಿ ಕಾರ್ಮಿಕರ ಲೈನ್ ಮನೆಯ ಹಿತ್ತಿಲು ತುಂಬುತ್ತದೆ. ಆಗ ಯಾರೋ ಹೇಳುತ್ತಾರೆ: ಬೇರೆ ಕಡೆಯಿಂದ ಒಂದು ಗಂಡು ತಂದು ಕ್ರಾಸ್ ಮಾಡಿಸಿ, ತಳಿ ಸುಧಾರಿಸುತ್ತದೆ.

ಆ ‘ಸುಧಾರಿಸುತ್ತದೆ’ ಎಂಬ ಮಾತನ್ನು ಪರೀಕ್ಷಿಸಲೆಂದೇ ನಾವು ಇಲ್ಲಿ ಸೇರಿದ್ದೇವೆ. ಸುಧಾರಣೆ ಯಾರಿಗೆ? ಮಾರುವವರಿಗೋ, ಕೊಳ್ಳುವವರಿಗೋ, ಹುಟ್ಟಲಿರುವ ಮರಿಗೋ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳೋಣ. ನಾವು ಕನ್ನಡದಲ್ಲಿ ಮೊಲ ಎನ್ನುತ್ತೇವೆ, ನಮ್ಮ ನೆರೆಮನೆಯವರು ತಮಿಳಿನಲ್ಲಿ ಮುಯಲ್, ತೆಲುಗಿನಲ್ಲಿ ಕುಂದೇಲು ಎನ್ನುತ್ತಾರೆ. ಈ ಮೂರೂ ಭಾಷೆಗಳಲ್ಲಿ ಹೊಲದ ಬದಿಯ ಕಾಡುಮೊಲಕ್ಕೂ ಗೂಡಿನ ಸಾಕುಮೊಲಕ್ಕೂ ಒಂದೇ ಹೆಸರು. ಹೆಸರು ಒಂದಾದ್ದರಿಂದ ಜಾತಿಯೂ ಒಂದೇ ಎಂದು ನಂಬಿ, ಕಾಡಿನ ಗಂಡನ್ನು ಹಿಡಿದು ತಂದು ಕೂಡಿಸಿದರೆ ಗಟ್ಟಿ ಮರಿ ಬರುತ್ತದೆ ಎನ್ನುವವರಿದ್ದಾರೆ. ಬರುವುದಿಲ್ಲ. ಸಾಕುಮೊಲದ ಪೂರ್ವಿಕರು ಸ್ಪೇನ್ ಕಡೆಯವರು, ಅದರ ಜೀವಕೋಶದಲ್ಲಿ 44 ವರ್ಣತಂತುಗಳು. ನಮ್ಮ ಕಾಡುಮೊಲದಲ್ಲಿ 48. ಸಾಕುಮೊಲದ ಜಾತಿಯದು ಬಿಲದಲ್ಲಿ ಮೈಮೇಲೆ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಕಾಡುಮೊಲದ್ದು ಬಯಲ ಹುಲ್ಲಿನ ನಡುವೆ ಕೂದಲು ತುಂಬಿಕೊಂಡು, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಆದ್ದರಿಂದ ಇವತ್ತಿನ ನಮ್ಮ ಮಾತೆಲ್ಲ ಸಾಕುಮೊಲದೊಳಗಿನ ತಳಿಗಳ ಬಗ್ಗೆ ಮಾತ್ರ.

ಈ ಜಿಲ್ಲೆಯವರಿಗೆ ಮಿಶ್ರತಳಿಯ ಪಾಠ ಹೊಸದಲ್ಲ. ಕೋಲಾರದ ರೈತ ಅದನ್ನು ರೇಷ್ಮೆಮನೆಯಲ್ಲಿ ಕಲಿತಿದ್ದಾನೆ. ನಾವು ಸಿ.ಬಿ. (ಕ್ರಾಸ್ ಬ್ರೀಡ್) ಗೂಡು ಎನ್ನುವುದು ಎರಡು ತಳಿಗಳ ಕೂಡುವಿಕೆಯ ಫಲ. ತಾಯಿಯ ಕಡೆ ಶುದ್ಧ ಮೈಸೂರು ತಳಿ, ತಂದೆಯ ಕಡೆ ಸಿಎಸ್‌ಆರ್-2ರಂಥ ದ್ವಿತಳಿ. ಮೈಸೂರು ತಳಿಯ ಗೂಡನ್ನು ಒಂಟಿಯಾಗಿ ನೋಡಿದರೆ ಕಣ್ಣಿಗೆ ಹಿಡಿಸುವುದಿಲ್ಲ. ಚಿಕ್ಕ ಗಾತ್ರ, ಹಸಿರು ಬೆರೆತ ಹಳದಿ, ನೂಲೂ ಕಡಿಮೆ. ಆದರೆ ನಮ್ಮ ಬಿಸಿಲನ್ನೂ ರೋಗವನ್ನೂ ತಾಳಿಕೊಳ್ಳುವ ಶಕ್ತಿ ಇರುವುದು ಅದರಲ್ಲಿ. ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸಿಎಸ್‌ಆರ್-2ರ ಗೂಡು ದಪ್ಪ, ಬಿಳುಪು, ನೂಲು ಹೆಚ್ಚು. ಅದರ ಮೈ ಮಾತ್ರ ನಾಜೂಕು. ಇವೆರಡೂ ಸೇರಿದಾಗ ಮೊದಲ ಪೀಳಿಗೆಯಲ್ಲಿ ಕಾಣುವ ಕಸುವನ್ನು ನಾವು ಸಂಕರ ಚೈತನ್ಯ ಎನ್ನುತ್ತೇವೆ.

ಇಲ್ಲಿ ಗಮನಿಸಬೇಕಾದದ್ದು ರೈತ ಮಾಡುವುದಕ್ಕಿಂತ ಹೆಚ್ಚಾಗಿ ಅವನು ಮಾಡದೆ ಬಿಡುವುದನ್ನು. ಸಿ.ಬಿ. ಗೂಡಿನಿಂದ ಅವನು ಮತ್ತೆ ಮೊಟ್ಟೆ ಮಾಡಿಸುವುದಿಲ್ಲ. ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ, ಬೆಳೆ ಒಂದೇ ಸಮನಾಗಿ ಬರುವುದಿಲ್ಲವೆಂದು ಅವನಿಗೆ ಗೊತ್ತು. ಪ್ರತಿ ಬೆಳೆಗೂ ಹೊಸದಾಗಿ ಮೊಟ್ಟೆ ತರುತ್ತಾನೆ. ಅದಕ್ಕಾಗಿ ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶಗಳಲ್ಲಿ ಮೈಸೂರು ತಳಿಯನ್ನು ಬೆರಕೆಯಾಗದಂತೆ ಕಾಪಾಡಿಕೊಂಡು ಬಂದಿದ್ದಾರೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡಿ, ಪೆಬ್ರಿನ್ ರೋಗ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಮೊಟ್ಟೆ ಹೊರಗೆ ಬರುತ್ತದೆ. 1865ರಿಂದ 1870ರ ನಡುವೆ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಕಂಡುಕೊಂಡ ದಾರಿ ಅದು. ಮೊದಲು ತಾಯಿಯನ್ನು ಪರೀಕ್ಷಿಸು, ಆಮೇಲೆ ಸಂತಾನ. ಮಿಶ್ರತಳಿ ನಿಂತಿರುವುದು ಶುದ್ಧ ತಳಿಯ ಮೇಲೆ, ದಾಖಲೆಯ ಮೇಲೆ, ತಾಯಿಯ ಆರೋಗ್ಯದ ಮೇಲೆ. ಹುಳುವಿಗೆ ನಾವು ತೋರಿದ ಈ ಶಿಸ್ತನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಮೊಲಕ್ಕೆ ಏಕೆ ತೋರುತ್ತಿಲ್ಲ ಎಂಬುದು ನನ್ನ ಅಳಲು.

ಮೊಲದ ತಳಿಗಳಲ್ಲಿ ಒಳ್ಳೆಯ ಸಂಕರಣದ ಉದಾಹರಣೆಗಳಿವೆ. ಅಮೆರಿಕದ ಜಾರ್ಜ್ ವೆಸ್ಟ್ 1923ರಲ್ಲಿ ಹಿಮಾಲಯನ್ ಮತ್ತು ಚಿಂಚಿಲಾ ತಳಿಗಳನ್ನು ಕೂಡಿಸಲು ಆರಂಭಿಸಿದರು. ವರ್ಷಗಟ್ಟಲೆ ಆರಿಸಿ, ಮುಂದೆ ನ್ಯೂಜಿಲೆಂಡ್ ವೈಟ್ ಹೆಣ್ಣುಗಳೊಡನೆ ಸೇರಿಸಿದ ಮೇಲೆ ರೂಪುಗೊಂಡದ್ದು ಕ್ಯಾಲಿಫೋರ್ನಿಯನ್. ನಮಗೆ ಹತ್ತಿರದಲ್ಲೇ, ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ, ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ವೈಟ್ ಜೈಂಟ್, ಸೋವಿಯೆತ್ ಚಿಂಚಿಲಾ ತಳಿಗಳನ್ನು ದಾಖಲೆ ಸಮೇತ ಉಳಿಸಿಕೊಂಡಿದೆ. ಸೋವಿಯೆತ್ ಚಿಂಚಿಲಾ ಕೂಡ ಚಿಂಚಿಲಾ ಮತ್ತು ವೈಟ್ ಜೈಂಟ್ ಕೂಡಿ ಆದದ್ದೇ. ಇವೆಲ್ಲ ಗುರಿ ಇಟ್ಟು, ಬರೆದಿಟ್ಟು, ಕಾದು ಪಡೆದವು.

ಇನ್ನು ಗುರಿ ತಪ್ಪಿದ ಸಂಕರಣದ ಮಾತು. ಇವತ್ತು ಪೇಟೆಯಲ್ಲಿ ಬೇಡಿಕೆ ಇರುವುದು ಅಂಗೈಯಲ್ಲಿ ಕೂರುವ ಕುಳ್ಳ ಮೊಲಕ್ಕೆ, ಚುಕ್ಕೆ ಮೊಲಕ್ಕೆ, ಜೋಲುಕಿವಿಗೆ, ಉದ್ದ ಕೂದಲಿಗೆ. ಕುಳ್ಳತನವನ್ನು ತೆಗೆದುಕೊಳ್ಳಿ. ನೆದರ್ಲೆಂಡ್ ಡ್ವಾರ್ಫ್ ತಳಿಯ ಕುಳ್ಳತನ ಒಂದು ಜೀನಿನ ಒಂದು ಭಾಗ ಕಳೆದುಹೋದುದರ ಫಲ. ಆ ಕೊರತೆ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೆ ಮರಿ ಕುಳ್ಳಾಗುತ್ತದೆ. ಇಬ್ಬರಿಂದಲೂ ಬಂದರೆ ಮರಿ ಉಳಿಯುವುದಿಲ್ಲ. ಕುಳ್ಳ ಗಂಡಿಗೆ ಕುಳ್ಳ ಹೆಣ್ಣನ್ನು ಕೂಡಿಸಿದಾಗ ಸರಾಸರಿ ನಾಲ್ಕರಲ್ಲಿ ಒಂದು ಮರಿ ಹೀಗೆ ಎರಡೂ ಕಡೆಯ ಕೊರತೆ ಹೊತ್ತು ಹುಟ್ಟಿ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಬ್ಬೆರಳಷ್ಟೇ ಗಾತ್ರದ, ತಲೆ ಉಬ್ಬಿ ಸೊಂಟ ಸಣಕಲಾದ ಆ ಮರಿಗಳನ್ನು ನಾನು ಕಂಡಿದ್ದೇನೆ. ಸಾಕಿದವರು ಇರುವೆಯನ್ನೋ ಚಳಿಯನ್ನೋ ಬೈಯುತ್ತಾರೆ. ತಾಯಿಗೆ ಹಾಲಿಲ್ಲ ಎನ್ನುತ್ತಾರೆ. ತಪ್ಪು ತಾಯಿಯದಲ್ಲ, ಜೋಡಿ ಆರಿಸಿದ ನಮ್ಮದು.

ಚುಕ್ಕೆಯ ಕಥೆಯೂ ಇಂಥದೇ. ಇಂಗ್ಲಿಷ್ ಸ್ಪಾಟ್ ತಳಿಯ ಅಂದದ ಚುಕ್ಕೆ ಬರುವುದು ಆ ಅಂಶ ಒಂದೇ ಕಡೆಯಿಂದ ಬಂದಾಗ. ಎರಡೂ ಕಡೆಯಿಂದ ಬಂದ ಮರಿಯ ಮೈ ಬಹುಪಾಲು ಬೆಳ್ಳಗಿರುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ, ಅದರ ದೊಡ್ಡ ಕರುಳಿನ ಚಲನೆ ಕುಂದಿ, ಕರುಳು ಹಿಗ್ಗಿ, ಜೀವನವಿಡೀ ನರಳುವ ಸಂಭವ ಹೆಚ್ಚು.

ಈ ಎರಡಕ್ಕೂ ಪರಿಹಾರ ಒಂದೇ, ಅದೂ ಬಹಳ ಸರಳ. ಕುಳ್ಳ ಮೊಲಕ್ಕೆ ಅದೇ ತಳಿಯಲ್ಲಿ ಹುಟ್ಟಿದ ಸಾಮಾನ್ಯ ಗಾತ್ರದ ಜೊತೆಗಾರನನ್ನು ಕೂಡಿಸಿ. ಒಂದು ಮರಿಯೂ ಆ ಕಾರಣಕ್ಕೆ ಸಾಯುವುದಿಲ್ಲ, ಅರ್ಧದಷ್ಟು ಮರಿಗಳು ಕುಳ್ಳಾಗಿಯೇ ಹುಟ್ಟುತ್ತವೆ. ಗಾತ್ರದಲ್ಲಿ ಅಂತರವಿದ್ದರೆ ದೊಡ್ಡದು ಹೆಣ್ಣಾಗಿರಲಿ. ದೊಡ್ಡ ಗಂಡಿನ ಮರಿಗಳನ್ನು ಪುಟ್ಟ ತಾಯಿ ಹೊತ್ತರೆ ಹೆರಿಗೆಯಲ್ಲಿ ಮರಿ ಸಿಕ್ಕಿಕೊಂಡು ಎರಡು ಜೀವವೂ ಹೋಗಬಹುದು. ಹಾಗೆಯೇ ಚುಕ್ಕೆ ಮೊಲಕ್ಕೆ ಚುಕ್ಕೆಯಿಲ್ಲದ, ಒಂದೇ ಬಣ್ಣದ ಜೊತೆಗಾರ. ಆಗ ಅರ್ಧ ಚುಕ್ಕೆ, ಅರ್ಧ ಸಾದಾ. ಕರುಳಿನ ಆ ತೊಂದರೆಗೆ ಎಡೆಯೇ ಇಲ್ಲ.

ಪೇಟೆಯಲ್ಲಿ ಬೆಲೆಯಿಲ್ಲವೆಂದು ಮೂಲೆಗೆ ಸರಿಸುವ ಆ ಸಾದಾ ಮರಿಯೇ ಇಡೀ ತಳಿಯನ್ನು ಕಾಯುವುದು. ರೇಷ್ಮೆಯಲ್ಲಿ ಮೈಸೂರು ತಳಿ ಮಾಡುವ ಕೆಲಸವನ್ನು ಮೊಲದಲ್ಲಿ ಅದು ಮಾಡುತ್ತದೆ. ನನ್ನ ಇಂದಿನ ಮಾತಿನ ತಿರುಳು ಇದೇ: ಸಾದಾ ಮರಿಗೆ ಬೆಲೆ ಕೊಡದ ಊರಿನಲ್ಲಿ ಒಳ್ಳೆಯ ತಳಿ ಬೆಳೆಯುವುದಿಲ್ಲ.

ಹಾಗಾದರೆ ನಮ್ಮ ಊರಿಗೆ ಬೇಕಾದ ಗುಣಗಳು ಯಾವುವು? ನಾನು ಮೂರನ್ನು ಮುಂದಿಡುತ್ತೇನೆ.

ಮೊದಲನೆಯದು ಹಲ್ಲು. ಮೊಲದ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ, ವಾರಕ್ಕೆ ಸುಮಾರು 2 ಮಿಲಿಮೀಟರ್. ಮೇಲಿನದೂ ಕೆಳಗಿನದೂ ಒಂದನ್ನೊಂದು ಉಜ್ಜಿಕೊಂಡರೆ ಮಾತ್ರ ಅಳತೆಯಲ್ಲಿ ಉಳಿಯುತ್ತದೆ. ದವಡೆ ಕೂಡದ ಮೊಲದ ಹಲ್ಲು ಕೊಂಬಿನಂತೆ ಬಾಗಿ ಬಾಯಿಗೆ ಚುಚ್ಚುತ್ತದೆ. ಹುಲ್ಲಿನ ರಾಶಿಯ ಮುಂದೆಯೇ ಅದು ಉಪವಾಸ ಬೀಳುತ್ತದೆ. ಈ ದೋಷ ವಂಶದಲ್ಲಿ ಬಂದದ್ದಾದರೆ, ತಂದೆತಾಯಿ ನೋಡಲು ಚೆನ್ನಾಗಿದ್ದೂ ಒಳಗೆ ಹೊತ್ತಿರಬಹುದು. ಅಣ್ಣತಂಗಿಯನ್ನು ಕೂಡಿಸಿದಾಗ ಇಂಥ ಅಡಗಿದ ದೋಷಗಳು ಮೇಲೆ ಬರುತ್ತವೆ. ಅಂಥ ಮರಿ ಹುಟ್ಟಿದರೆ ಆ ಜೋಡಿಯನ್ನು ಮತ್ತೆ ಕೂಡಿಸಬಾರದು.

ಎರಡನೆಯದು ಬಿಸಿಲು ತಾಳುವ ಗುಣ. ಮೊಲ ನಮ್ಮಂತೆ ಬೆವರುವುದಿಲ್ಲ, ಮೈಯ ಕಾವನ್ನು ಹೆಚ್ಚಾಗಿ ಕಿವಿಯ ಮೂಲಕ ಬಿಡುತ್ತದೆ. 30 ಡಿಗ್ರಿ ದಾಟಿದರೆ ಅದು ಬಳಲುತ್ತದೆ, ಗಂಡಿನ ಸಂತಾನಶಕ್ತಿ ಕುಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಅಂಗೋರಾದಂಥ ಉಣ್ಣೆಯ ಮೊಲವನ್ನು ಇಟ್ಟರೆ ಅದು ಪಡುವ ಪಾಡನ್ನು ನೆನೆಯಿರಿ. ಕುಲ್ಲು ಕಣಿವೆಗೆ ಒಪ್ಪುವ ಉಣ್ಣೆ ಕೋಲಾರಕ್ಕೆ ಒಪ್ಪುವುದಿಲ್ಲ. ಜೋಲುಕಿವಿಯಲ್ಲಿ ಕಿವಿಯ ಕೊಳವೆ ಕಿರಿದಾಗಿ, ಕೊಳೆ ನಿಂತು ಸೋಂಕಾಗುವುದೂ ಹೆಚ್ಚು. ಗಿಡ್ಡ ಕೂದಲು, ನೆಟ್ಟಗಿನ ಕಿವಿ ನಮ್ಮ ಹವೆಗೆ ಹೇಳಿಸಿದ್ದು. ಹವೆ ಬಣ್ಣವನ್ನೂ ಬದಲಿಸುತ್ತದೆ. ಹಿಮಾಲಯನ್ ಮೊಲದ ಮೂಗು, ಕಿವಿ, ಪಾದ ಕಪ್ಪಾಗುವುದು ಅವು ಮೈಯ ತಂಪಾದ ಭಾಗಗಳಾದ್ದರಿಂದ. ಸೆಖೆಯ ಊರಿನಲ್ಲಿ ಆ ಕಪ್ಪು ಮಂಕಾದರೆ ತಳಿ ಕೆಟ್ಟಿತೆಂದು ಮೊಲವನ್ನು ದೂಷಿಸಬೇಡಿ.

ಮೂರನೆಯದು ಸಾಧು ಸ್ವಭಾವ. ಮಕ್ಕಳಿರುವ ಮನೆಗೆ ಹೋಗುವ ಪ್ರಾಣಿ ಪುಕ್ಕಲಾದರೆ ಅದಕ್ಕೂ ಸುಖವಿಲ್ಲ, ಮಗುವಿಗೂ ಇಲ್ಲ. ಸ್ವಭಾವದ ಒಂದು ಪಾಲು ವಂಶದ್ದು, ಇನ್ನೊಂದು ಪಾಲು ನಮ್ಮ ಕೈಯದು. ಹುಟ್ಟಿದ ಮೊದಲ ವಾರದಲ್ಲಿ ದಿನವೂ ಮೃದುವಾಗಿ ಮುಟ್ಟಿಸಿಕೊಂಡ ಮರಿ ದೊಡ್ಡದಾದ ಮೇಲೂ ಮನುಷ್ಯರಿಗೆ ಅಷ್ಟು ಹೆದರುವುದಿಲ್ಲ.

ಜೋಡಿ ಕೂಡಿಸುವ ರೀತಿಯಲ್ಲೂ ಎಚ್ಚರ ಬೇಕು. ಹಸುವಿನಂತೆ ಮೊಲಕ್ಕೆ ಗೊತ್ತಾದ ಬೆದೆಯ ಚಕ್ರವಿಲ್ಲ, ಕೂಡಿದ ಸುಮಾರು ಹತ್ತು ಗಂಟೆಯ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಆದ್ದರಿಂದ ಗಂಡು ಹೆಣ್ಣು ಒಂದೇ ಗೂಡಿನಲ್ಲಿದ್ದರೆ ನಿಮ್ಮ ಯೋಜನೆಗೆ ಅರ್ಥವಿಲ್ಲ. ಬೇರೆ ಬೇರೆ ಇಡಿ. ಕೂಡಿಸುವಾಗ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಿರಿ, ತನ್ನ ಗೂಡಿಗೆ ಬಂದ ಗಂಡನ್ನು ಹೆಣ್ಣು ಕಚ್ಚಿ ಓಡಿಸುತ್ತದೆ. ಒಂದು ಸೂಲು ಸಾಕಿ ಚೇತರಿಸಿಕೊಳ್ಳುವವರೆಗೆ ತಾಯಿಗೆ ಬಿಡುವು ಕೊಡಿ.

ಕೊನೆಯದಾಗಿ, ಉಳಿದ ಮರಿಗಳ ಮಾತು. ಗಣಿಯೂರಾದ ಈ ಕೋರಮಂಡಲ್‌ನಲ್ಲಿ ನಿಂತು ಈ ಮಾತು ಆಡುವಾಗ ಗಣಿಯ ಸೈನೈಡ್ ಗುಡ್ಡಗಳು ಕಣ್ಣಮುಂದೆ ನಿಲ್ಲುತ್ತವೆ. ಚಿನ್ನವನ್ನು ಹೊತ್ತವರು ಹೊತ್ತೊಯ್ದರು. ಅರೆದು ಬಿಟ್ಟ ಮಣ್ಣು ಇಲ್ಲಿಯೇ ಉಳಿಯಿತು, ಗಾಳಿಗೆ ಎದ್ದು ಈ ಊರಿನವರ ಉಸಿರಿಗೆ ಸೇರಿತು. ಬೇಕಾದದ್ದನ್ನು ಆರಿಸಿಕೊಂಡ ಮೇಲೆ ಉಳಿದದ್ದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಮ್ಮಷ್ಟು ಬಲ್ಲವರು ಬೇರೆ ಯಾರು? ಒಂದು ಸೂಲಿನಲ್ಲಿ ಆರು ಮರಿ ಹುಟ್ಟಿ ಎರಡು ಮಾರಾಟವಾದರೆ, ನಾಲ್ಕರ ಹೊಣೆ ಹುಟ್ಟಿಸಿದವರದು. ಅವನ್ನು ಕುರುಚಲು ಕಾಡಿಗೆ ಬಿಟ್ಟು ಬರುವುದು ದಯೆಯಲ್ಲ. ಹೆಚ್ಚಿನವು ನಾಯಿಯ ಬಾಯಿಗೆ ಹೋಗುತ್ತವೆ. ಉಳಿದು ಬೆಳೆದರೆ ಏನಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. 1859ರಲ್ಲಿ ಥಾಮಸ್ ಆಸ್ಟಿನ್ ತನ್ನ ಜಮೀನಿಗೆ ತರಿಸಿಕೊಂಡ 24 ಮೊಲಗಳ ಸಂತತಿಯನ್ನು ಆ ದೇಶಕ್ಕೆ ಇವತ್ತಿಗೂ ಹತೋಟಿಗೆ ತರಲಾಗಿಲ್ಲ.

ಕಾನೂನು ಸ್ವಲ್ಪ ದೂರ ನಮ್ಮ ಜೊತೆ ಬರುತ್ತದೆ. ಸಾಕುಪ್ರಾಣಿ ಅಂಗಡಿಗಳ ನೋಂದಣಿಗೆ 2018ರ ನಿಯಮಗಳಿವೆ. ನಾಯಿಗಳ ಸಂತಾನವೃದ್ಧಿಗೆಂದು 2017ರ ನಿಯಮಗಳಿವೆ. ಹಿತ್ತಿಲಿನ ಮೊಲದ ಗೂಡಿನವರೆಗೆ ಬಂದು ನೋಡಬೇಕಾದದ್ದು ನಮ್ಮ ಮನಸ್ಸಾಕ್ಷಿಯೇ.

ಇವತ್ತಿನ ಗೋಷ್ಠಿಗಳಿಂದ ನಾನು ಒಂದೇ ಒಂದು ಫಲ ಬಯಸುತ್ತೇನೆ. ನಮ್ಮ ಹಸುಗಳ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಮೊಲಕ್ಕೆ ಅಷ್ಟು ಬೇಡ, ಒಂದು ಹಾಳೆ ಸಾಕು. ತಂದೆ ಯಾರು, ತಾಯಿ ಯಾರು, ಹುಟ್ಟಿದ ದಿನ, ಆ ಸೂಲಿನಲ್ಲಿ ಹುಟ್ಟಿದವೆಷ್ಟು, ಸತ್ತವೆಷ್ಟು, ಹಲ್ಲು ಹೇಗಿದೆ ಎಂದು ಕನ್ನಡ, ತಮಿಳು, ತೆಲುಗು, ಉರ್ದು ಯಾವ ಭಾಷೆಯಲ್ಲಾದರೂ ಬರೆದ ಒಂದು ಹಾಳೆ ಪ್ರತಿ ಮರಿಯ ಜೊತೆ ಹೊಸ ಮನೆಗೆ ಹೋಗಲಿ. ಆ ಹಾಳೆಯ ನಮೂನೆಯನ್ನು ಸಂಜೆಯೊಳಗೆ ನೀವೆಲ್ಲ ಸೇರಿ ಸಿದ್ಧಪಡಿಸಿ.

ಗಣಿಯ ಕಾಲದಲ್ಲಿ ಅದಿರನ್ನು ಹೊಳಪು ನೋಡಿ ಯಾರೂ ಬೆಲೆ ಕಟ್ಟುತ್ತಿರಲಿಲ್ಲ, ಪುಡಿ ಮಾಡಿ ಪರೀಕ್ಷಿಸಿದ ಮೇಲೆಯೇ ಲೆಕ್ಕ. ಆ ಎಚ್ಚರವನ್ನು ಕಲಿತ ಊರು ಇದು. ಮುಂದಿನ ಸಲ ನಿಮ್ಮ ಗೂಡಿನಲ್ಲಿ ಮರಿಗಳಾದಾಗ, ಚುಕ್ಕೆಯಿಲ್ಲದ, ಕುಳ್ಳಲ್ಲದ, ಯಾರೂ ಕೇಳದ ಆ ಒಂದು ಮರಿಯನ್ನು ಮೊದಲು ಕೈಗೆತ್ತಿಕೊಳ್ಳಿ. ಅದರ ಹಲ್ಲು ನೋಡಿ, ಕಿವಿ ನೋಡಿ, ಹೆದರದೆ ನಿಮ್ಮ ಕೈಯಲ್ಲಿ ಕೂತಿದೆಯೇ ನೋಡಿ. ಹಾಗಿದ್ದರೆ ಹಾಳೆಯಲ್ಲಿ ಮೊದಲು ಅದರ ಹೆಸರು ಬರೆಯಿರಿ.