ಬಾಗಿಲಿನ ಕೀಲು ಕಲಿಸುವ ಪಾಠ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾರಿನ ಹಿಂದೆ ಎಳೆದೊಯ್ದು, ರಾತ್ರಿ ಒಳಗೆ ಮಲಗಬಹುದಾದ ಪುಟ್ಟ ಟ್ರೈಲರನ್ನು ನೀವೇ ಕಟ್ಟುತ್ತೀರಿ ಎಂದಿಟ್ಟುಕೊಳ್ಳಿ. ಮನೆಬಾಗಿಲಿನ ಕೀಲು ಅದಕ್ಕೆ ಸಾಲದು. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ವೇಗ ಹೆಚ್ಚಿದಾಗ ಕುಲುಕಾಟವೂ ಗಾಳಿಯೂ ಅದನ್ನು ಪರೀಕ್ಷಿಸುತ್ತವೆ.

ಮೊದಲನೆಯದಾಗಿ, ಪಕ್ಕದ ಬಾಗಿಲಿನ ಕೀಲು ಮುಂದಿನ ಅಂಚಿನಲ್ಲಿರಲಿ. ಚಿಲಕ ಜಾರಿದರೂ ಎದುರುಗಾಳಿ ಬಾಗಿಲನ್ನು ಒಳಕ್ಕೇ ಒತ್ತುತ್ತದೆ. ಹಿಂದಿನ ಅಂಚಿನಲ್ಲಿದ್ದರೆ ಗಾಳಿ ಅದನ್ನು ಕಿತ್ತೆಸೆಯಬಹುದು. ಹಿಂದೆ ಬರುವ ಬೈಕ್ ಸವಾರನ ಪ್ರಾಣಕ್ಕೇ ಕುತ್ತು.

ಎರಡನೆಯದು ಲೆಕ್ಕ. ಬಾಗಿಲಿನ ತೂಕ 20 ಕಿಲೋ, ಅಗಲ 60 ಸೆಂ.ಮೀ. ಕೀಲುಗಳ ನಡುವೆ 50 ಸೆಂ.ಮೀ. ಅಂತರವಿದ್ದರೆ ಮೇಲಿನ ಕೀಲನ್ನು 12 ಕಿಲೋ ಭಾರ ಎಳೆಯುತ್ತದೆ, 100 ಸೆಂ.ಮೀ. ಇದ್ದರೆ 6 ಕಿಲೋ ಮಾತ್ರ. ಎರಡೂ ಕೀಲಿಗೆ ಒಂದೇ ನೇರ ಸರಳು ತೂರಿಸಿ ಬೆಸುಗೆ ಹಾಕಿ; ಬಾಗಿಲು ಬಿಗಿಯಾಗದು.

1206ರಲ್ಲಿ ಅಲ್-ಜಝರಿಯವರು ತಮ್ಮ ಯಂತ್ರಗಳ ಗ್ರಂಥವನ್ನು ಚಿತ್ರ, ಅಳತೆಗಳೊಂದಿಗೆ ಬರೆದರು. ಅವರು ವಿದ್ವಾಂಸರೂ ಹೌದು, ಕುಶಲಕರ್ಮಿಯೂ ಹೌದು. ನಮ್ಮಲ್ಲಿ ಎಷ್ಟೋ ತಂದೆಯರು ಲೇತ್, ವೆಲ್ಡಿಂಗ್ ಕೆಲಸದವರು. ನಿಮ್ಮ ಪುಸ್ತಕದ ಲೆಕ್ಕವನ್ನು ಅವರ ಷೆಡ್ಡಿಗೆ ಒಯ್ಯಿರಿ. ಅವರ ಕೈಚಳಕವನ್ನು ಕೇಳಿ ಕಲಿಯಿರಿ. ಅದರಲ್ಲಿ ನಾಚಿಕೆಯಿಲ್ಲ, ಗೌರವವಿದೆ.